ಬಲ ಹೃದಯದ ರೋಗಿಗಳಿಗೂ ಸರ್ಕಾರದ ಯೋಜನೆಗಳಲ್ಲಿ ಜಾಗವಿರಲಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಹೃದಯದ ಕಾಯಿಲೆ ಎಂದ ಕೂಡಲೇ ನಮ್ಮ ಜನರ ಮನಸ್ಸಿಗೂ ನಮ್ಮ ಸರ್ಕಾರದ ಯೋಜನೆಗಳಿಗೂ ಮೊದಲು ಹೊಳೆಯುವುದು ಹೃದಯಾಘಾತ. ಹಾಸನ ಜಿಲ್ಲೆಯಲ್ಲಿ 2025ರಲ್ಲಿ ಹಠಾತ್ ಸಾವುಗಳ ಸುದ್ದಿ ಒಂದರ ಹಿಂದೊಂದು ಬಂದಾಗ ಸರ್ಕಾರ ತಜ್ಞರ ಸಮಿತಿಯನ್ನು ನೇಮಿಸಿತು. ಅದು ಸರಿಯಾದ ಕೆಲಸವೇ. ಆದರೆ ಅದೇ ಹೃದಯದ ಬಲಭಾಗ ತಿಂಗಳು, ವರ್ಷಗಳ ಕಾಲ ಸದ್ದಿಲ್ಲದೆ ಸೋಲುತ್ತಾ ಹೋಗಿ ಸಾಯುವವರ ಸುದ್ದಿ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಅವರ ಮರಣ ಪ್ರಮಾಣಪತ್ರದಲ್ಲಿ ಬಹುಪಾಲು 'ಉಸಿರಾಟದ ತೊಂದರೆ' ಎಂದೋ 'ಹೃದಯ ವೈಫಲ್ಯ' ಎಂದೋ ಬರೆದು ಮುಗಿಸಲಾಗುತ್ತದೆ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುವ ಪಲ್ಮನರಿ ಹೈಪರ್‌ಟೆನ್ಷನ್ ಎಂಬ ಕಾಯಿಲೆಯ ಬಗ್ಗೆ, ಅದರಿಂದ ಬಲ ಹೃದಯ ಸೋಲುವ ಬಗೆಯ ಬಗ್ಗೆ, ಮತ್ತು ಈ ರೋಗಿಗಳಿಗಾಗಿ ಸರ್ಕಾರ ಈಗಿರುವ ವ್ಯವಸ್ಥೆಯಲ್ಲೇ ಮಾಡಬಹುದಾದ ಕೆಲಸಗಳ ಬಗ್ಗೆ ತಮ್ಮ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ತಾಲ್ಲೂಕು ಆಸ್ಪತ್ರೆಯಲ್ಲಿ ಬಹುಕಾಲ ರೋಗಿಗಳನ್ನು ನೋಡಿದ ವೈದ್ಯರ ನೆಲೆಯಿಂದ ಬರೆದ ಮಾತುಗಳಿವು. ಓದುವವರು ವೈದ್ಯರೇ ಆಗಿರಬೇಕಿಲ್ಲವಾದ್ದರಿಂದ ಕಾಯಿಲೆಯ ಒಳಗಿನ ಕತೆಯನ್ನೂ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅದು ತಿಳಿಯದೆ ಮುಂದಿನ ಬೇಡಿಕೆಗಳ ಅಗತ್ಯ ಮನದಟ್ಟಾಗುವುದಿಲ್ಲ.

ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಬರುತ್ತಾಳೆ ಎಂದುಕೊಳ್ಳೋಣ. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯ ಹೊತ್ತಿಗೆ ಕಾಲು ಊತ, ಒಮ್ಮೊಮ್ಮೆ ಕಣ್ಣು ಕತ್ತಲೆ ಬಂದಂತಾಗುವುದು. ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದರೆ ಬಿದ್ದ ಗುಳಿ ಹಾಗೇ ಉಳಿಯುತ್ತದೆ. ಕತ್ತಿನ ರಕ್ತನಾಳ ಕೂತಲ್ಲೇ ಉಬ್ಬಿ ಕಾಣುತ್ತದೆ. ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ಬಿಪಿ 110/70, ಏನೂ ದೋಷವಿಲ್ಲ. ರಕ್ತ ಕಡಿಮೆಯಿದೆ ಎಂದು ಕಬ್ಬಿಣದ ಮಾತ್ರೆ, ಉಬ್ಬಸವಿರಬಹುದು ಎಂದು ಇನ್ಹೇಲರ್, ಮನಸ್ಸಿನ ಗಾಬರಿ ಎಂದು ಸಮಾಧಾನ, ಹೀಗೆ ಒಂದೆರಡು ವರ್ಷ ಕಳೆಯುತ್ತದೆ. ಕೊನೆಗೆ ಜಿಲ್ಲಾ ಕೇಂದ್ರದಲ್ಲಿ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ, ಮಾಡಿಸಿದಾಗ ವರದಿಯ ಕೆಳಭಾಗದಲ್ಲಿ ದಪ್ಪ ಅಕ್ಷರದಲ್ಲಿ 'ಇಎಫ್ 60%, ಎಡ ಹೃತ್ಕುಕ್ಷಿಯ ಕಾರ್ಯ ಸಹಜ' ಎಂದಿರುತ್ತದೆ. ಆ ಒಂದು ಸಾಲನ್ನು ಓದಿ 'ಹಾರ್ಟ್ ನಾರ್ಮಲ್ ಇದೆಯಮ್ಮ' ಎಂದು ಹೇಳಿ ಕಳುಹಿಸಲಾಗುತ್ತದೆ. ಅದೇ ವರದಿಯ ಮೇಲಿನ ಸಾಲುಗಳಲ್ಲಿ ಬಲ ಹೃತ್ಕುಕ್ಷಿ (ರಕ್ತವನ್ನು ಹೊರತಳ್ಳುವ ಬಲಗಡೆಯ ಕೋಣೆ) ಹಿಗ್ಗಿದೆ, ಎರಡು ಕುಕ್ಷಿಗಳ ನಡುವಿನ ಗೋಡೆ ಎಡಕ್ಕೆ ಒತ್ತಿ ಚಪ್ಪಟೆಯಾಗಿದೆ, ಬಲಭಾಗದ ಒತ್ತಡ ಎಪ್ಪತ್ತು ಮಿಲಿಮೀಟರ್ ದಾಟಿದೆ ಎಂಬ ವಿವರಗಳು ಇದ್ದರೂ ಅವು ಯಾರ ಕಣ್ಣಿಗೂ ಬೀಳುವುದಿಲ್ಲ. ಇದು ಒಬ್ಬಳ ಕತೆಯಲ್ಲ. ಈ ರೋಗ ಪತ್ತೆಯಾಗುವ ದಾರಿಯೇ ನಮ್ಮಲ್ಲಿ ಸಾಮಾನ್ಯವಾಗಿ ಹೀಗಿದೆ.

ಇಎಫ್ ಎಂಬ ಆ ಸಂಖ್ಯೆ ಎಡ ಹೃದಯದ ಲೆಕ್ಕ, ಒಂದು ಬಡಿತಕ್ಕೆ ಅದು ತನ್ನೊಳಗಿನ ರಕ್ತದಲ್ಲಿ ಎಷ್ಟು ಪಾಲನ್ನು ಹೊರತಳ್ಳುತ್ತದೆ ಎಂಬುದು. ಎಡಭಾಗ ಇಡೀ ದೇಹಕ್ಕೆ ರಕ್ತ ತಳ್ಳುವುದರಿಂದ ಅದರ ಗೋಡೆ ದಪ್ಪ. ಬಲಭಾಗದ ಕೆಲಸ ರಕ್ತವನ್ನು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ದಾಟಿಸುವುದು ಮಾತ್ರ. ಅಲ್ಲಿನ ರಕ್ತನಾಳಗಳು ಮೃದುವಾಗಿದ್ದು ಸುಲಭವಾಗಿ ಹಿಗ್ಗುವುದರಿಂದ ಆರೋಗ್ಯವಂತರಲ್ಲಿ ಶ್ವಾಸಕೋಶ ಧಮನಿಯ ಸರಾಸರಿ ಒತ್ತಡ ಸುಮಾರು 14 ಮಿಲಿಮೀಟರ್ ಪಾದರಸದಷ್ಟೇ ಇರುತ್ತದೆ. ಬಲ ಹೃತ್ಕುಕ್ಷಿಯ ಗೋಡೆಯೂ ಮೂರರಿಂದ ಐದು ಮಿಲಿಮೀಟರ್ ದಪ್ಪ, ಅಷ್ಟೇ. ಆ ಸರಾಸರಿ ಒತ್ತಡ 20 ದಾಟಿದರೆ ಅದನ್ನು ಪಲ್ಮನರಿ ಹೈಪರ್‌ಟೆನ್ಷನ್ ಎನ್ನುತ್ತಾರೆ. 2018ಕ್ಕೆ ಮೊದಲು ಈ ಗೆರೆ 25ರಲ್ಲಿತ್ತು. ಬಾವಿಯಿಂದ ಪಕ್ಕದ ಗದ್ದೆಗೆ ನೀರು ಹಾಯಿಸಲು ಕೂರಿಸಿದ ಸಣ್ಣ ಪಂಪ್‌ಸೆಟ್‌ಗೆ ಗುಡ್ಡದ ಮೇಲಿನ ತೋಟಕ್ಕೆ ನೀರೆತ್ತುವ ಕೆಲಸ ಹಚ್ಚಿದರೆ ಏನಾಗುತ್ತದೋ ಬಲ ಹೃದಯಕ್ಕೂ ಅದೇ ಆಗುತ್ತದೆ. ಮೊದಮೊದಲು ಅದು ಗೋಡೆಯನ್ನು ದಪ್ಪ ಮಾಡಿಕೊಂಡು ನಿಭಾಯಿಸುತ್ತದೆ, ಆಮೇಲೆ ಹಿಗ್ಗುತ್ತದೆ, ಕೊನೆಗೆ ಸೋಲುತ್ತದೆ. ಈ ಕಾಯಿಲೆಯಲ್ಲಿ ಸಾವಿನ ಮುಖ್ಯ ಕಾರಣ ಬಲ ಹೃದಯದ ಸೋಲು. ಅಮೆರಿಕದಲ್ಲಿ 1980ರ ದಶಕದಲ್ಲಿ, ಇಂದಿನ ಔಷಧಗಳು ಬರುವ ಮೊದಲು, ಕಾರಣ ತಿಳಿಯದ ಪಲ್ಮನರಿ ಹೈಪರ್‌ಟೆನ್ಷನ್ ರೋಗಿಗಳನ್ನು ದಾಖಲಿಸಿ ನೋಡಿದಾಗ, ರೋಗ ಖಚಿತವಾದ ಮೂರು ವರ್ಷದೊಳಗೆ ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ತೀರಿಕೊಂಡಿದ್ದರು.

ಒತ್ತಡ ಏರಿದ್ದೊಂದೇ ಸೋಲಿಗೆ ಕಾರಣವೇ ಎಂಬ ಪ್ರಶ್ನೆ ವಿಜ್ಞಾನಿಗಳನ್ನು ಬಹುಕಾಲ ಕಾಡಿದೆ. ಇಲ್ಲಿಯೇ ಆಕ್ಸಿಡೇಟಿವ್ ಸ್ಟ್ರೆಸ್, ಅಂದರೆ ಉತ್ಕರ್ಷಣದ ಒತ್ತಡ, ಮುಖ್ಯವಾಗುತ್ತದೆ. ನಮ್ಮ ಜೀವಕೋಶಗಳು ಆಮ್ಲಜನಕವನ್ನು ಬಳಸಿ ಶಕ್ತಿ ತಯಾರಿಸುವಾಗ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಮೊದಲಾದ ಚುರುಕಾಗಿ ಪ್ರತಿಕ್ರಿಯಿಸುವ, ಆಕ್ಸಿಡೆಂಟ್ (ಉತ್ಕರ್ಷಕ) ಎಂದು ಕರೆಯುವ ಅಣುಗಳು ಸ್ವಲ್ಪ ಮಟ್ಟಿಗೆ ಹುಟ್ಟುತ್ತಲೇ ಇರುತ್ತವೆ, ಜೀವಕೋಶದೊಳಗಿನ ಕಿಣ್ವಗಳು ಅವನ್ನು ಅಡಗಿಸುತ್ತಲೇ ಇರುತ್ತವೆ. ಹುಟ್ಟುವುದು ಹೆಚ್ಚಾಗಿ ಅಡಗಿಸುವುದು ಕಡಿಮೆಯಾದಾಗ ತೊಂದರೆ ಶುರು. ಶ್ವಾಸಕೋಶದ ರಕ್ತನಾಳದ ಒಳಪದರ ಸಹಜವಾಗಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುಗಡೆ ಮಾಡಿ ನಾಳವನ್ನು ಸಡಿಲವಾಗಿ ಇಡುತ್ತದೆ. ಈ ಅನಿಲದ ಪಾತ್ರವನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾಡ್ ಅವರಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಸೂಪರ್‌ಆಕ್ಸೈಡ್ ಹೆಚ್ಚಾದಾಗ ಅದು ನೈಟ್ರಿಕ್ ಆಕ್ಸೈಡ್‌ನೊಂದಿಗೆ ಕೂಡಿ ಪೆರಾಕ್ಸಿನೈಟ್ರೈಟ್ ಎಂಬ ಹಾನಿಕರ ವಸ್ತುವಾಗುತ್ತದೆ. ಇದರಿಂದ ನಾಳವನ್ನು ಸಡಿಲಿಸುವ ಅನಿಲವೂ ನಷ್ಟ, ಹೊಸದೊಂದು ವಿಷವೂ ಸಿದ್ಧ. ಅಷ್ಟಕ್ಕೇ ನಿಲ್ಲದೆ, ನೈಟ್ರಿಕ್ ಆಕ್ಸೈಡ್ ತಯಾರಿಸಬೇಕಾದ ಕಿಣ್ವವೇ ಹದಗೆಟ್ಟು ಸೂಪರ್‌ಆಕ್ಸೈಡ್ ತಯಾರಿಸತೊಡಗುತ್ತದೆ. ನಾಳ ಬಿಗಿಯುತ್ತದೆ, ಅದರ ಗೋಡೆಯ ಕೋಶಗಳು ಅಂಕೆಯಿಲ್ಲದೆ ಬೆಳೆದು ಒಳದಾರಿ ಕಿರಿದಾಗುತ್ತದೆ.

ಬಲ ಹೃದಯದ ಸ್ನಾಯುವಿನೊಳಗೆ ನಡೆಯುವುದು ಇದರ ಇನ್ನೊಂದು ಅಧ್ಯಾಯ. ಗೋಡೆ ದಪ್ಪವಾದಷ್ಟು ವೇಗವಾಗಿ ಅದಕ್ಕೆ ರಕ್ತ ಒದಗಿಸುವ ಸೂಕ್ಷ್ಮನಾಳಗಳು ಬೆಳೆಯುವುದಿಲ್ಲ. ಸಾಮಾನ್ಯ ಸ್ಥಿತಿಯಲ್ಲಿ ಬಲ ಹೃದಯಕ್ಕೆ ಅದು ಸಂಕುಚಿಸುವಾಗಲೂ ಸಡಿಲವಾಗುವಾಗಲೂ ರಕ್ತ ಹರಿಯುತ್ತದೆ. ಒಳಗಿನ ಒತ್ತಡ ಏರಿದಂತೆ ಸಂಕುಚಿಸುವ ಹೊತ್ತಿನ ಹರಿವು ಕುಗ್ಗುತ್ತದೆ. ಆಮ್ಲಜನಕ ಸಾಲದ ಸ್ನಾಯು ಕೊಬ್ಬನ್ನು ಪೂರ್ತಿಯಾಗಿ ಉರಿಸಿ ಶಕ್ತಿ ಪಡೆಯುವ ದಾರಿಯನ್ನು ಬಿಟ್ಟು ಸಕ್ಕರೆಯನ್ನು ಅರೆಬರೆಯಾಗಿ ಒಡೆದು ಹೇಗೋ ನಡೆಸತೊಡಗುತ್ತದೆ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳಿಂದ ಆಕ್ಸಿಡೆಂಟ್ ಅಣುಗಳು ಹೆಚ್ಚು ಹೆಚ್ಚು ಸೋರುತ್ತವೆ, ಕೋಶಪೊರೆಯ ಕಿಣ್ವಗಳೂ ಅವಕ್ಕೆ ಸೇರಿಸುತ್ತವೆ. ಸ್ನಾಯುವಿನ ಸಂಕೋಚನಕ್ಕೆ ಬೇಕಾದ ಕ್ಯಾಲ್ಸಿಯಂನ ಓಡಾಟವನ್ನು ನಿಯಂತ್ರಿಸುವ ಪ್ರೋಟೀನುಗಳು ಹಾಳಾಗುತ್ತವೆ, ಕೆಲ ಕೋಶಗಳು ಸಾಯುತ್ತವೆ, ಸತ್ತ ಕಡೆ ನಾರು ತುಂಬಿಕೊಳ್ಳುತ್ತದೆ.

2009ರಲ್ಲಿ ಪ್ರಕಟವಾದ ಒಂದು ಪ್ರಯೋಗ ಈ ವಿಚಾರದಲ್ಲಿ ಬಹಳ ಮುಖ್ಯವಾದದ್ದು. ಕೆಲವು ಇಲಿಗಳ ಶ್ವಾಸಕೋಶ ಧಮನಿಗೆ ಪಟ್ಟಿ ಕಟ್ಟಿ ಬಲ ಹೃದಯದ ಮೇಲೆ ಒತ್ತಡ ಹೇರಲಾಯಿತು. ಇನ್ನು ಕೆಲವು ಇಲಿಗಳಲ್ಲಿ ಔಷಧ ಮತ್ತು ಕಡಿಮೆ ಆಮ್ಲಜನಕದ ಮೂಲಕ ಶ್ವಾಸಕೋಶದ ನಾಳಗಳಲ್ಲೇ ರೋಗ ಹುಟ್ಟಿಸಲಾಯಿತು. ಒತ್ತಡ ಎರಡೂ ಕಡೆ ಏರಿತು. ಆದರೆ ಪಟ್ಟಿ ಕಟ್ಟಿದ ಇಲಿಗಳ ಬಲ ಹೃದಯ ತಾಳಿಕೊಂಡಿತು, ರೋಗವಿದ್ದ ಇಲಿಗಳ ಬಲ ಹೃದಯ ಸೋತಿತು. ಸೋತ ಹೃದಯಗಳಲ್ಲಿ ಸೂಕ್ಷ್ಮನಾಳಗಳು ವಿರಳವಾಗಿದ್ದವು, ಆಕ್ಸಿಡೆಂಟ್‌ಗಳಿಂದ ರಕ್ಷಿಸುವ ಕೋಶದ ಸ್ವಂತ ವ್ಯವಸ್ಥೆ ಕುಗ್ಗಿತ್ತು. ಆ ರಕ್ಷಣೆಯನ್ನು ಎಚ್ಚರಿಸುವ, ಅರಿಶಿನ, ಅಶ್ವಗಂಧ, ಬ್ರಾಹ್ಮಿ ಮೊದಲಾದವುಗಳ ಸಾರವಿದ್ದ ಮಿಶ್ರಣವೊಂದನ್ನು ಕೊಟ್ಟಾಗ ಶ್ವಾಸಕೋಶದ ನಾಳಗಳ ರೋಗ ಹಾಗೇ ಉಳಿದರೂ ಬಲ ಹೃದಯ ಮಾತ್ರ ಸೋಲದೆ ಉಳಿಯಿತು.

ಮಾನ್ಯರೇ, ಇದನ್ನು ಓದಿದ ಯಾರಿಗಾದರೂ ಹಾಗಾದರೆ ಅರಿಶಿನ, ಅಶ್ವಗಂಧಗಳ ಮಾತ್ರೆಯನ್ನೇ ರೋಗಿಗಳಿಗೆ ಕೊಡಬಹುದಲ್ಲ ಎನ್ನಿಸುವುದು ಸಹಜ. ಮಾರುಕಟ್ಟೆಗೂ ಹಾಗೆಯೇ ಅನ್ನಿಸಿದೆ. ಈ ರೋಗಿಗಳು ಚೀಟಿ ಹಿಡಿದು ಮೆಡಿಕಲ್ ಅಂಗಡಿಯಿಂದ ಹೊರಬರುವಾಗ ಅವರ ಚೀಲವನ್ನು ಬಿಡಿಸಿ ನೋಡಿದರೆ ನೀರಿಳಿಸುವ ಮಾತ್ರೆಯ ಒಂದು ಸ್ಟ್ರಿಪ್ ಇದ್ದರೆ, ಜೊತೆಗೆ ಹೊಳೆಯುವ ಡಬ್ಬಿಗಳಲ್ಲಿ ವಿಟಮಿನ್ ಇ, ಕೋಎಂಜೈಮ್ ಕ್ಯೂ10, ಲೈಕೋಪೀನ್, ದ್ರಾಕ್ಷಿಬೀಜದ ಸಾರ ಎಂದು ಬರೆದ ಕ್ಯಾಪ್ಸೂಲುಗಳೂ ಇರುತ್ತವೆ. ಡಬ್ಬಿಗಳಿಗೆ ಕೊಟ್ಟ ಹಣದಿಂದಾಗಿ ಮುಖ್ಯವಾದ ಮಾತ್ರೆಯನ್ನು ಹದಿನೈದು ದಿನಕ್ಕೆ ಮಾತ್ರ ಕೊಂಡವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಇಲಿಯಲ್ಲಿ ನಿಜವಾದದ್ದು ಮನುಷ್ಯರಲ್ಲಿ ಈವರೆಗೆ ನಿಜವಾಗಿಲ್ಲ. ಕೆಲವೆಡೆ ಹಾನಿಯೂ ಆಗಿದೆ. ರಕ್ತನಾಳದ ಕಾಯಿಲೆ ಅಥವಾ ಸಕ್ಕರೆ ಕಾಯಿಲೆ ಇದ್ದ ಸಾವಿರಾರು ಜನರಿಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಇ ಕೊಟ್ಟು ವರ್ಷಗಟ್ಟಲೆ ಗಮನಿಸಿದ ಹೋಪ್ ಅಧ್ಯಯನದ ಮುಂದುವರಿಕೆ 2005ರಲ್ಲಿ ಪ್ರಕಟವಾಯಿತು. ವಿಟಮಿನ್ ತೆಗೆದುಕೊಂಡವರಲ್ಲಿ ಹೃದಯ ವೈಫಲ್ಯ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಕೋಶದ ಆಕ್ಸಿಡೆಂಟ್ ರಕ್ಷಣೆಯನ್ನು ಎಚ್ಚರಿಸುವ ಬಾರ್ಡಾಕ್ಸೊಲೋನ್ ಎಂಬ ಔಷಧವನ್ನು ಮೂತ್ರಪಿಂಡದ ರೋಗಿಗಳಲ್ಲಿ ಪರೀಕ್ಷಿಸಿದ ದೊಡ್ಡ ಪ್ರಯೋಗವನ್ನು 2012ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು, ಏಕೆಂದರೆ ಅಲ್ಲಿಯೂ ಹೃದಯ ವೈಫಲ್ಯ ಹೆಚ್ಚಿತು. ಅದೇ ಔಷಧವನ್ನು ಪಲ್ಮನರಿ ಹೈಪರ್‌ಟೆನ್ಷನ್‌ನಲ್ಲಿ ನೋಡುತ್ತಿದ್ದ ಪ್ರಯೋಗವೂ 2020ರಲ್ಲಿ ಮುಗಿಯುವ ಮೊದಲೇ ನಿಂತಿತು. ಉತ್ಕರ್ಷಣದ ಒತ್ತಡದಿಂದ ಚುರುಕಾಗುವ ಕಿಣ್ವವೊಂದನ್ನು ತಡೆಯುವ ಸೆಲೊನ್ಸರ್ಟಿಬ್ ಈ ರೋಗಿಗಳಲ್ಲೇ ಪರೀಕ್ಷೆಗೆ ಒಳಗಾಗಿ ಗುರಿ ಮುಟ್ಟಲಿಲ್ಲ.

ಹೀಗೇಕೆ ಎಂಬುದಕ್ಕೂ ಸಮಂಜಸವಾದ ವಿವರಣೆಯಿದೆ. ಆಕ್ಸಿಡೆಂಟ್ ಅಣುಗಳು ಬರೀ ಕಸವಲ್ಲ. ಜೀವಕೋಶಗಳು ತಮ್ಮೊಳಗೆ ಸಂದೇಶ ಕಳಿಸಲು ಅವನ್ನೇ ಬಳಸುತ್ತವೆ. ಎಲ್ಲವನ್ನೂ ಒಟ್ಟಿಗೆ ಅಳಿಸಲು ಹೊರಟರೆ ಬೇಕಾದ ಸಂದೇಶವೂ ಅಳಿಯುತ್ತದೆ. ನುಂಗಿದ ವಿಟಮಿನ್ ತೊಂದರೆ ನಡೆಯುತ್ತಿರುವ ಮೈಟೊಕಾಂಡ್ರಿಯದ ಒಳಗೆ, ಬೇಕಾದ ಪ್ರಮಾಣದಲ್ಲಿ, ಬೇಕಾದ ಹೊತ್ತಿಗೆ ತಲುಪುತ್ತದೆ ಎಂಬ ಖಾತರಿಯಿಲ್ಲ. ರೋಗಿ ನಮ್ಮ ಮುಂದೆ ಬರುವ ಹೊತ್ತಿಗೆ ನಾಳದ ಗೋಡೆ ದಪ್ಪವಾಗಿ, ಸ್ನಾಯುವಿನಲ್ಲಿ ನಾರು ತುಂಬಿ ಆಗಿರುತ್ತದೆ. ಈ ಸಂಶೋಧನೆ ವ್ಯರ್ಥವಾಯಿತು ಎಂದು ನಾನು ಹೇಳುತ್ತಿಲ್ಲ. ಬಲ ಹೃದಯವನ್ನೇ ನೇರವಾಗಿ ಕಾಪಾಡುವ ಔಷಧ ಒಂದು ದಿನ ಇದೇ ದಾರಿಯಲ್ಲಿ ಸಿಕ್ಕೀತು. ಆದರೆ ಆ ದಿನ ಇನ್ನೂ ಬಂದಿಲ್ಲ. ಅದು ಬರುವವರೆಗೆ ಆಕ್ಸಿಡೆಂಟ್‌ಗಳು ಹುಟ್ಟುವ ಮೂಲವನ್ನು ತಗ್ಗಿಸುವುದು, ಕಳೆದುಹೋದ ನೈಟ್ರಿಕ್ ಆಕ್ಸೈಡ್‌ನ ಕೆಲಸವನ್ನು ಬೇರೆ ದಾರಿಯಿಂದ ಮಾಡಿಸುವುದು, ಹೃದಯ ಸೋಲುವ ಮೊದಲೇ ರೋಗ ಹಿಡಿಯುವುದು, ಇವೇ ನಮ್ಮ ಕೈಯಲ್ಲಿರುವ ಉಪಾಯಗಳು. ಇವೆಲ್ಲವೂ ತಮ್ಮ ಇಲಾಖೆಯಿಂದ ಆಗಬೇಕಾದ ಕೆಲಸಗಳು, ಮತ್ತು ಆಗಬಲ್ಲ ಕೆಲಸಗಳು. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ 1954ರ ಕಾಯ್ದೆ ಹೃದಯದ ಕಾಯಿಲೆಯನ್ನು ತನ್ನ ಪಟ್ಟಿಯಲ್ಲಿ ಹೆಸರಿಸಿಯೇ ಇದೆ. 'ಹೃದಯ ಬಲಪಡಿಸುವ' ಡಬ್ಬಿಗಳ ಜಾಹೀರಾತುಗಳ ಮೇಲೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳು ಅದನ್ನು ಕಟ್ಟುನಿಟ್ಟಾಗಿ ಬಳಸಲಿ.

ಮೂಲವನ್ನು ತಗ್ಗಿಸುವ ಮಾತಿಗೆ ಬಂದರೆ ಒಲೆಯ ಹೊಗೆಯಿಂದಲೇ ಶುರು ಮಾಡಬೇಕು. ಭಾರತದ ಮೊದಲ ತಲೆಮಾರಿನ ಹೃದ್ರೋಗ ತಜ್ಞೆ ಡಾ. ಎಸ್. ಪದ್ಮಾವತಿ ಅವರು ದೆಹಲಿಯಲ್ಲಿ ಶ್ವಾಸಕೋಶದ ಕಾಯಿಲೆಯಿಂದ ಬಲ ಹೃದಯ ಸೋತವರನ್ನು ಅಧ್ಯಯನ ಮಾಡಿ 1959ರಲ್ಲಿ ಪ್ರಕಟಿಸಿದರು. ಬೇರೆ ದೇಶಗಳಲ್ಲಿ ಇದು ಬೀಡಿ ಸಿಗರೇಟು ಸೇದುವ ಗಂಡಸರ ರೋಗವಾಗಿದ್ದರೆ ಇಲ್ಲಿ ಎಂದೂ ಸೇದದ ಹೆಂಗಸರಲ್ಲೂ ಅದು ವ್ಯಾಪಕವಾಗಿತ್ತು. ಬೆರಣಿ, ಸೌದೆಯ ಹೊಗೆಯ ಮೇಲೆ ಅವರಿಗೆ ಅಂದೇ ಅನುಮಾನ ಬಂದಿತ್ತು. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ವೈದ್ಯರು ಸುತ್ತಲಿನ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನಗಳೂ ಸೌದೆ ಒಲೆಯ ಮುಂದೆ ಕಳೆದ ಗಂಟೆಗಳಿಗೂ ಹೆಂಗಸರ ದೀರ್ಘಕಾಲದ ಕೆಮ್ಮು ಕಫಕ್ಕೂ ಇರುವ ನಂಟನ್ನು ತೋರಿಸಿವೆ. ಹೊಗೆಯ ಕಣಗಳು ನೇರವಾಗಿ ಆಕ್ಸಿಡೆಂಟ್‌ಗಳನ್ನು ಹೊತ್ತು ತರುತ್ತವೆ, ಉರಿಯೂತ ಎಬ್ಬಿಸುತ್ತವೆ, ಗಾಳಿಗೂಡುಗಳನ್ನು ಹಾಳು ಮಾಡಿ ರಕ್ತದ ಆಮ್ಲಜನಕ ಇಳಿಸುತ್ತವೆ. ಆಮ್ಲಜನಕ ಇಳಿದ ಕಡೆ ಶ್ವಾಸಕೋಶದ ನಾಳಗಳು ತಾವಾಗಿಯೇ ಬಿಗಿಯುತ್ತವೆ. 2016ರಲ್ಲಿ ಶುರುವಾದ ಉಜ್ವಲಾ ಯೋಜನೆಯ ನಂತರ ಅಡುಗೆಮನೆಗಳಿಗೆ ಗ್ಯಾಸ್ ಬಂದಿರುವುದು ದೊಡ್ಡ ಬದಲಾವಣೆ. ಆದರೆ ಮಲೆನಾಡಿನ ಮನೆಗಳಲ್ಲಿ ಬಚ್ಚಲಿನ ಹಂಡೆ ಒಲೆಗೆ ಇಂದಿಗೂ ಸೌದೆ, ತೆಂಗಿನ ಗರಿ, ಅಡಿಕೆ ಸಿಪ್ಪೆಯೇ ಉರಿ. ಗಾಳಿಯಾಡದ ಆ ಸಣ್ಣ ಕೋಣೆಯಲ್ಲಿ ಬೆಳಗಿನ ಜಾವ ಕೂತು ಊದುಕೊಳವೆಯಲ್ಲಿ ಊದುವವರು ಹೆಂಗಸರೇ. ಗ್ಯಾಸ್ ಸಂಪರ್ಕದ ಎಣಿಕೆ ಮಾಡುವಾಗ ಈ ಎರಡನೆಯ ಒಲೆಯನ್ನೂ ಕೇಳಿ ಬರೆದುಕೊಳ್ಳುವಂತೆ ಆಶಾ ಕಾರ್ಯಕರ್ತೆಯರಿಗೆ ಸೂಚಿಸಬೇಕು. ಹೊಗೆ ಹೊರಹೋಗುವ ಕೊಳವೆ, ಅನುಕೂಲವಿದ್ದ ಕಡೆ ಸೌರ ನೀರು ಕಾಯಿಸುವ ಸಾಧನ, ಇವಕ್ಕೆ ನೆರವು ಕೊಡುವುದು ಹೃದಯದ ಚಿಕಿತ್ಸೆಯ ಭಾಗವೇ ಎಂದು ನಾನು ಭಾವಿಸುತ್ತೇನೆ.

ಶ್ವಾಸಕೋಶ ಹಾಳಾಗಿ ರಕ್ತದ ಆಮ್ಲಜನಕ ತೀರಾ ಇಳಿದವರಿಗೆ ದಿನಕ್ಕೆ 15 ಗಂಟೆಗೂ ಮೇಲ್ಪಟ್ಟು ಮನೆಯಲ್ಲೇ ಆಮ್ಲಜನಕ ಕೊಟ್ಟರೆ ಆಯಸ್ಸು ಹೆಚ್ಚುತ್ತದೆ ಎಂಬುದು 1980 ಮತ್ತು 1981ರಲ್ಲಿ ಅಮೆರಿಕ ಹಾಗೂ ಬ್ರಿಟನ್‌ನ ಪ್ರಯೋಗಗಳಿಂದ ಸ್ಥಾಪಿತವಾಗಿದೆ. ಕೋವಿಡ್‌ನ ಎರಡನೆಯ ಅಲೆಯ ಹೊತ್ತಿಗೆ ನಮ್ಮ ಆಸ್ಪತ್ರೆಗಳಿಗೆ ದೇಣಿಗೆಯಾಗಿಯೂ ಖರೀದಿಯಾಗಿಯೂ ಆಮ್ಲಜನಕ ಕಾನ್ಸಂಟ್ರೇಟರ್‌ಗಳು ಬಂದವು. ಬಳಕೆಯಿಲ್ಲದೆ ದಾಸ್ತಾನು ಕೋಣೆಯಲ್ಲಿ ಇರುವುದನ್ನು ದುರಸ್ತಿ ಮಾಡಿಸಿ, ಅರ್ಹ ರೋಗಿಗಳಿಗೆ ಮನೆಗೆ ಎರವಲು ಕೊಡುವ ಪದ್ಧತಿಯನ್ನು ಜಿಲ್ಲಾ ಮಟ್ಟದಲ್ಲಿ ಆರಂಭಿಸಬಹುದು. ಇಲ್ಲೊಂದು ಸಣ್ಣ ವಿಷಯ ದೊಡ್ಡ ಅಡ್ಡಿಯಾಗಿದೆ. ಇಂಥ ಯಂತ್ರ ಸುಮಾರು 300ರಿಂದ 350 ವ್ಯಾಟ್ ವಿದ್ಯುತ್ ಎಳೆಯುತ್ತದೆ. ದಿನಕ್ಕೆ 15 ಗಂಟೆ ಓಡಿದರೆ ತಿಂಗಳಿಗೆ 135ರಿಂದ 157 ಯೂನಿಟ್. ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ ಸಿಗುವುದು ಆ ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಹೆಚ್ಚುವರಿ ಸೇರಿಸಿದಷ್ಟಕ್ಕೆ ಮಾತ್ರ, 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ತಿಂಗಳಿಗೆ 50 ಯೂನಿಟ್ ಬಳಸುತ್ತಿದ್ದ ಬಡ ಕುಟುಂಬ, ಮನೆಯಲ್ಲಿ ಒಬ್ಬರ ಉಸಿರಿಗಾಗಿ ಯಂತ್ರ ಹಾಕಿಕೊಂಡ ತಿಂಗಳಿನಿಂದಲೇ ಯೋಜನೆಯ ಹೊರಗೆ ಬೀಳುವ ಸಾಧ್ಯತೆಯಿದೆ. ಬಿಲ್ಲಿಗೆ ಹೆದರಿ ರಾತ್ರಿ ಮಾತ್ರ ಯಂತ್ರ ಹಚ್ಚುವವರಿಗೆ ಅದರ ಪೂರ್ಣ ಪ್ರಯೋಜನ ಸಿಗುವುದಿಲ್ಲ. ವೈದ್ಯರ ಪ್ರಮಾಣಪತ್ರವಿರುವ ಮನೆಗಳಿಗೆ ಈ ಹೆಚ್ಚುವರಿ ಯೂನಿಟ್‌ಗಳಿಂದ ವಿನಾಯಿತಿ ಕೊಡುವಂತೆ ತಾವು ಇಂಧನ ಇಲಾಖೆಯೊಂದಿಗೆ ಮಾತನಾಡಬೇಕೆಂದು ಒತ್ತಾಯಪೂರ್ವಕವಾಗಿ ಕೋರುತ್ತೇನೆ.

ನೈಟ್ರಿಕ್ ಆಕ್ಸೈಡ್‌ನ ದಾರಿಗೆ ಬಲ ಕೊಡುವ ಔಷಧಗಳು ನಮ್ಮ ದೇಶದಲ್ಲೇ ತಯಾರಾಗುತ್ತವೆ. ಸಿಲ್ಡೆನಾಫಿಲ್, ಟಡಾಲಾಫಿಲ್ ಮಾತ್ರೆಗಳು ಆ ಅನಿಲದ ಸಂದೇಶ ಬೇಗ ಅಳಿಯದಂತೆ ತಡೆಯುತ್ತವೆ; ಬೊಸೆಂಟಾನ್, ಆಂಬ್ರಿಸೆಂಟಾನ್, ಮ್ಯಾಸಿಟೆಂಟಾನ್ ನಾಳವನ್ನು ಬಿಗಿಗೊಳಿಸುವ ಎಂಡೊಥೀಲಿನ್ ಎಂಬ ವಸ್ತುವನ್ನು ತಡೆಯುತ್ತವೆ. ಶ್ವಾಸಕೋಶದ ಧಮನಿಗಳದ್ದೇ ಕಾಯಿಲೆಯಾಗಿರುವ ರೋಗಿಗಳಿಗೆ ಆರಂಭದಿಂದಲೇ ಇವೆರಡು ಬಗೆಯಿಂದ ಒಂದೊಂದನ್ನು ಸೇರಿಸಿ ಕೊಡುವುದು ಮೇಲೆಂದು 2015ರಲ್ಲಿ ಪ್ರಕಟವಾದ ಆಂಬಿಷನ್ ಅಧ್ಯಯನ ತೋರಿಸಿತು. ಅಮೆರಿಕದಲ್ಲಿ 2024ರಲ್ಲಿ ಒಪ್ಪಿಗೆ ಪಡೆದ ಸೊಟಾಟರ್ಸೆಪ್ಟ್‌ನಂಥ ಹೊಸ ಚುಚ್ಚುಮದ್ದುಗಳನ್ನು ನಾನು ಈಗ ಕೇಳುತ್ತಿಲ್ಲ. ಕೇಳುತ್ತಿರುವುದು ಈ ಎರಡು ಬಗೆಯ ಮಾತ್ರೆಗಳನ್ನು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದ್ದರೂ ಅದು ಆಸ್ಪತ್ರೆಗೆ ದಾಖಲಾದವರ ಖರ್ಚನ್ನು ನೋಡಿಕೊಳ್ಳುವಂತೆ ರೂಪಿಸಿದ ಯೋಜನೆ. ಮನೆಯಲ್ಲಿದ್ದು ಜೀವಮಾನವಿಡೀ ನುಂಗಬೇಕಾದ ಮಾತ್ರೆಗೆ ಅದರಲ್ಲಿ ದಾರಿಯಿಲ್ಲ. ಹೀಗಾಗಿ ಮಾತ್ರೆ ಕೊಳ್ಳಲಾಗದ ರೋಗಿ ಮೈಯೆಲ್ಲ ನೀರು ತುಂಬಿ ದಾಖಲಾದಾಗ ಸರ್ಕಾರ ಹಣ ಕೊಡುತ್ತದೆ, ದಾಖಲಾಗದಂತೆ ತಡೆಯುವ ಮಾತ್ರೆಗೆ ಕೊಡುವುದಿಲ್ಲ. ರೋಗ ಖಚಿತವಾದವರಿಗೆ ಜಿಲ್ಲಾ ಆಸ್ಪತ್ರೆಯ ಔಷಧಾಲಯದಿಂದಲೇ ಪ್ರತಿ ತಿಂಗಳು ಈ ಮಾತ್ರೆಗಳು ಉಚಿತವಾಗಿ ಸಿಗುವಂತಾಗಲಿ. ಕ್ಷಯ ಮತ್ತು ಎಚ್‌ಐವಿ ರೋಗಿಗಳಿಗೆ ಹೀಗೆ ತಿಂಗಳ ಮಾತ್ರೆ ತಪ್ಪದೆ ತಲುಪಿಸುವ ಅನುಭವ ನಮ್ಮ ಇಲಾಖೆಗೆ ಹೊಸದಲ್ಲ.

ಮಾತ್ರೆ ಎಲ್ಲರಿಗೂ ಅಲ್ಲ ಎಂಬುದನ್ನೂ ಇಷ್ಟೇ ಒತ್ತಿ ಹೇಳಬೇಕು. ಎಡ ಹೃದಯದ ಕಾಯಿಲೆ ಅಥವಾ ಶ್ವಾಸಕೋಶದ ಕಾಯಿಲೆಯಿಂದ ಒತ್ತಡ ಏರಿದವರಿಗೆ ಇವು ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ, ಕೆಲವರಿಗೆ ಕೇಡನ್ನೇ ಮಾಡುತ್ತವೆ. ನೆರೆಯ ಕೇರಳದ ಐವತ್ತು ಆಸ್ಪತ್ರೆಗಳು ಸೇರಿ ಸುಮಾರು ಎರಡು ಸಾವಿರ ರೋಗಿಗಳನ್ನು ದಾಖಲಿಸಿದ ನೋಂದಣಿಯಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ತೊಂದರೆಯ ಮೂಲ ಎಡ ಹೃದಯದಲ್ಲಿತ್ತು. ಧಮನಿಗಳದ್ದೇ ಕಾಯಿಲೆಯಿದ್ದವರು ಐದರಲ್ಲಿ ಒಬ್ಬರಷ್ಟು. ರುಮ್ಯಾಟಿಕ್ ಜ್ವರದಿಂದ ಕವಾಟ ಕಿರಿದಾದವರಿಗೆ ಬೇಕಾದದ್ದು ಬಲೂನಿನಿಂದ ಅದನ್ನು ಅಗಲಿಸುವ ಚಿಕಿತ್ಸೆ. ಜಯದೇವ ಸಂಸ್ಥೆಯಲ್ಲಿ ಅದು ದೊಡ್ಡ ಸಂಖ್ಯೆಯಲ್ಲಿ ನಡೆಯುತ್ತದೆ. ಹುಟ್ಟಿನಿಂದ ಹೃದಯದಲ್ಲಿ ರಂಧ್ರವಿರುವ ಮಗುವಿಗೆ ಬೇಕಾದದ್ದು ಒತ್ತಡ ಶಾಶ್ವತವಾಗುವ ಮೊದಲೇ ರಂಧ್ರ ಮುಚ್ಚುವುದು. ಶಾಲೆ, ಅಂಗನವಾಡಿಗಳಿಗೆ ಹೋಗಿ ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಆರ್‌ಬಿಎಸ್‌ಕೆ ಕಾರ್ಯಕ್ರಮದ ತಂಡಗಳು ಅದನ್ನು ಬೇಗ ಹಿಡಿಯಬಲ್ಲವು. ಹಳೆಯ ಹೆಪ್ಪುಗಳು ಶ್ವಾಸಕೋಶದ ನಾಳಗಳಲ್ಲೇ ಉಳಿದು ಒತ್ತಡ ಏರಿದವರಿಗೆ ಆ ಹೆಪ್ಪುಗಳನ್ನು ಸುಲಿದು ತೆಗೆಯುವ ಶಸ್ತ್ರಚಿಕಿತ್ಸೆಯಿದೆ, ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಅದನ್ನು ಮಾಡುತ್ತಾರೆ. ಈ ಕಾಯಿಲೆಯ ಬಗೆಗಳಲ್ಲಿ ಪೂರ್ತಿ ವಾಸಿಯಾಗುವ ಅವಕಾಶ ಹೆಚ್ಚಾಗಿರುವುದು ಇದರಲ್ಲಿ. ಯಾರು ಯಾವ ಗುಂಪಿಗೆ ಸೇರಿದವರು ಎಂದು ತಿಳಿಯಲು ಎಕೋ ಸಾಲದು. ಬಲ ಹೃದಯಕ್ಕೆ ಕ್ಯಾಥೆಟರ್ ಹಾಕಿ ಒತ್ತಡ ಅಳೆಯಬೇಕು. ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ವಾರದ ಒಂದು ದಿನ ಪ್ರತ್ಯೇಕ ಹೊರರೋಗಿ ವಿಭಾಗ ನಡೆಸಿ, ಬಂದವರ ವಿವರಗಳನ್ನು ಕೇರಳದ ಮಾದರಿಯಲ್ಲಿ ದಾಖಲಿಸಿದರೆ ಕರ್ನಾಟಕಕ್ಕೂ ತನ್ನದೇ ಲೆಕ್ಕ ಸಿಗುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೆರಡು ಮಾತು. ಧಮನಿಗಳದ್ದೇ ಆದ ಬಗೆ ಹೆಂಗಸರಲ್ಲಿ, ಅದೂ ಹೆರುವ ವಯಸ್ಸಿನಲ್ಲಿ, ಹೆಚ್ಚು. ಗರ್ಭಿಣಿಯ ರಕ್ತದ ಪ್ರಮಾಣ ಏರುವಾಗ ಸೋತ ಬಲ ಹೃದಯ ಅದನ್ನು ತಾಳಲಾರದು. ಹೆರಿಗೆಯ ಹೊತ್ತು ಮತ್ತು ಆನಂತರದ ದಿನಗಳು ತಾಯಿಗೆ ಅತ್ಯಂತ ಅಪಾಯಕಾರಿ. ಎಂಡೊಥೀಲಿನ್ ತಡೆಯುವ ಮಾತ್ರೆಗಳು ಭ್ರೂಣಕ್ಕೆ ಹಾನಿಕರವಾದ್ದರಿಂದ ಅವನ್ನು ಕೊಡುವಾಗ ಗರ್ಭನಿರೋಧದ ಮಾತು ಆಗಲೇಬೇಕು, ಅದನ್ನು ಗಂಡ, ಅತ್ತೆಯರ ಮುಂದೆಯೂ ಗೌರವದಿಂದ ಬಿಡಿಸಿ ಹೇಳುವವರು ಬೇಕು. ಮಕ್ಕಳಾಗಲಿಲ್ಲ ಎಂಬ ಮಾತಿಗೆ ಹೆದರಿ ಮಾತ್ರೆ ನಿಲ್ಲಿಸಿದವರ ನೋವನ್ನು ಹತ್ತಿರದಿಂದ ಕಂಡವರಿಗೆ ಇದೇಕೆ ಹೇಳುತ್ತಿದ್ದೇನೆಂದು ತಿಳಿಯುತ್ತದೆ. ತಾಯಂದಿರ ಮರಣದ ಪರಿಶೀಲನೆ ನಡೆಯುವಾಗ ಏದುಸಿರಿನಿಂದ ತೀರಿಕೊಂಡ ಪ್ರತಿ ಬಾಣಂತಿಯ ವಿಷಯದಲ್ಲೂ ಬಲ ಹೃದಯದ ಪ್ರಶ್ನೆಯನ್ನು ಕೇಳಬೇಕು. ಇನ್ನೊಂದು, ಸಿಲ್ಡೆನಾಫಿಲ್ ತೆಗೆದುಕೊಳ್ಳುವವರಿಗೆ ಎದೆನೋವೆಂದು ನಾಲಿಗೆಯಡಿ ಸಾರ್ಬಿಟ್ರೇಟ್ ಇಟ್ಟರೆ ಬಿಪಿ ಪಾತಾಳಕ್ಕಿಳಿದು ಜೀವವೇ ಹೋಗಬಹುದು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಆಂಬುಲೆನ್ಸ್‌ಗಳಲ್ಲೂ ಈ ಮಾತ್ರೆ ಕೈಗೆ ಸುಲಭವಾಗಿ ಸಿಗುತ್ತದೆ. ಈ ರೋಗಿಗಳ ಕೈಯಲ್ಲಿ ಕನ್ನಡದಲ್ಲಿ ಮುದ್ರಿಸಿದ ಎಚ್ಚರಿಕೆ ಚೀಟಿಯೊಂದು ಇರುವಂತೆ ಮಾಡಲು ದೊಡ್ಡ ಖರ್ಚೇನೂ ಆಗದು.

ಇವುಗಳಲ್ಲಿ ಯಾವುದಕ್ಕೂ ಹೊಸ ಇಲಾಖೆಯಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕೆಲವೇ ನಿಮಿಷಗಳಲ್ಲಿ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತಲುಪುತ್ತದೆ, ಹೃದಯಾಘಾತವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಅಲ್ಲೇ ಉಚಿತವಾಗಿ ಸಿಗುತ್ತದೆ. ಅದೇ ಇಸಿಜಿ ಕಾಗದದಲ್ಲಿ ಬಲ ಹೃದಯದ ಸುಳಿವುಗಳೂ ಇರುತ್ತವೆ: ಅಕ್ಷ ಬಲಕ್ಕೆ ವಾಲಿರುವುದು, ಮೊದಲ ಎದೆ ಲೀಡಿನಲ್ಲಿ ಎತ್ತರದ ಆರ್ ಅಲೆ, ಬಲಭಾಗ ದಣಿದಾಗ ತಲೆಕೆಳಗಾಗುವ ಟಿ ಅಲೆಗಳು. ಹೃದಯಾಘಾತವಿಲ್ಲ ಎಂದು ಖಚಿತವಾದ ಮೇಲೆ ಆ ಕಾಗದವನ್ನು ಪಕ್ಕಕ್ಕಿಡುವ ಬದಲು, ಈ ಸುಳಿವುಗಳಿದ್ದರೆ ರೋಗಿಯನ್ನು ಎರಡು ವಾರದೊಳಗೆ ಎಕೋಗೆ ಕಳುಹಿಸಬೇಕೆಂಬ ಒಂದು ಸಾಲನ್ನು ಯೋಜನೆಯ ಮಾರ್ಗಸೂಚಿಗೆ ಸೇರಿಸಿ. ಸರ್ಕಾರಿ ಆಸ್ಪತ್ರೆಗಳ ಎಕೋ ವರದಿಯ ನಮೂನೆಯಲ್ಲಿ ಇಎಫ್‌ನ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, ಬಲ ಹೃತ್ಕುಕ್ಷಿಯ ಗಾತ್ರ, ಅದರ ಚಲನೆಯ ಅಳತೆಯಾದ ಟ್ಯಾಪ್ಸಿ ಮತ್ತು ಬಲಭಾಗದ ಒತ್ತಡವನ್ನು ಬರೆಯುವುದು ಕಡ್ಡಾಯವಾಗಲಿ. ಟ್ಯಾಪ್ಸಿ 17 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ 'ಹೃದಯ ಸಹಜ' ಎಂಬ ಷರಾ ಬರೆಯಬಾರದು. ಗೃಹ ಆರೋಗ್ಯ ಯೋಜನೆಯಡಿ ಮನೆಮನೆಗೆ ಹೋಗಿ ಬಿಪಿ, ಸಕ್ಕರೆ ನೋಡುವ ಸಿಬ್ಬಂದಿ ಬೆರಳಿಗೆ ಆಕ್ಸಿಮೀಟರ್ ಹಾಕಿ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ, ಕಾಲು ಊದುತ್ತದೆಯೇ ಎಂದು ಕೇಳಿ ಬರೆದುಕೊಳ್ಳಲಿ. ಇಸಿಜಿ ಮಾರ್ಗಸೂಚಿ ಮತ್ತು ಎಕೋ ನಮೂನೆಯ ತಿದ್ದುಪಡಿಗಳು ಒಂದು ಸುತ್ತೋಲೆಯಿಂದ ಆಗುವಂಥವು. ಮುಂದಿನ ಬಜೆಟ್‌ಗಾಗಿ ಕಾಯದೆ ಇವೆರಡನ್ನು ಈ ತಿಂಗಳಲ್ಲೇ ಹೊರಡಿಸಿ, ಔಷಧ ಮತ್ತು ಆಮ್ಲಜನಕದ ವಿಚಾರವಾಗಿ ಜಯದೇವ ಸಂಸ್ಥೆಯ ತಜ್ಞರನ್ನೂ ಜಿಲ್ಲಾ ಆಸ್ಪತ್ರೆಗಳ ಫಿಜಿಷಿಯನ್‌ಗಳನ್ನೂ ರೋಗಿಗಳ ಪ್ರತಿನಿಧಿಗಳನ್ನೂ ಕೂರಿಸಿಕೊಂಡು ಒಂದು ಸಭೆ ಕರೆಯಬೇಕೆಂದು ವಿನಂತಿಸುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ತಾಲ್ಲೂಕು ಆಸ್ಪತ್ರೆಯೊಂದರಿಂದ ನಿವೃತ್ತಿ ಹೊಂದಿದ ಫಿಜಿಷಿಯನ್